ಪಪ್ಪಾಯಿ ಎಲೆ ದಾರದ ಹಾಗಾಗಿದೆ, ಯಾವ ಔಷಧಿ ಹೊಡೀಲಿ?

ಹೊಸತೋಟ
ಎಲ್ಲರಿಗೂ ನಮಸ್ಕಾರ. ಪಪ್ಪಾಯಿ ಗಿಡ ಎದೆಯೆತ್ತರ ಬಂದಿವೆ, ಹೂವಾಗಿ ಸಣ್ಣ ಕಾಯಿ ಕಾಣಿಸ್ತಾ ಇವೆ. ಬದುವಿನ ಕಡೆಯ ಸಾಲಲ್ಲಿ ಕೆಲವು ಗಿಡಗಳ ತುದಿ ಎಲೆ ಹಳದಿ, ಹಸಿರು ಬೆರೆತು ಸುಕ್ಕುಗಟ್ಟಿವೆ. ಒಂದೆರಡು ಗಿಡದಲ್ಲಂತೂ ಎಲೆ ಅನ್ನೋದೇ ಇಲ್ಲ, ನರ ಮಾತ್ರ ಉಳಿದು ದಾರದ ಹಾಗೆ ಜೋತು ಬಿದ್ದಿದೆ. ವೈರಸ್ ಅಂತ ಒಬ್ಬರು, ನುಸಿ ಅಂತ ಇನ್ನೊಬ್ಬರು, ಬೋರಾನ್ ಕೊರತೆ ಅಂತ ಮತ್ತೊಬ್ಬರು ಹೇಳ್ತಾರೆ. ಯಾವ ಔಷಧಿ, ಎಷ್ಟು ದಿನಕ್ಕೊಮ್ಮೆ? ಬೇಗ ಹೇಳಿ.

ಎಲೆನೋಟ
ಔಷಧಿ ವಿಚಾರ ಆಮೇಲೆ. ಮೊದಲು ಗಿಡದ ಹತ್ತಿರ ಹೋಗಿ ಇಷ್ಟು ನೋಡಿ.

ಎಲೆ ತೊಟ್ಟಿನ ಮೇಲೆ, ಕಾಂಡದ ಮೇಲ್ಭಾಗದ ಎಳೆ ಹಸಿರು ಭಾಗದಲ್ಲಿ, ಎಣ್ಣೆ ಸವರಿದ ಹಾಗೆ ಕಡುಹಸಿರು ಗೀರುಗಳು ಇವೆಯಾ? ಕಾಯಿ ಮೇಲೆ ಉಂಗುರ ಉಂಗುರವಾಗಿ ಗುರುತು ಇದೆಯಾ? ಇವೆರಡೂ ಇದ್ದರೆ ಉಂಗುರ ಚುಕ್ಕೆ ವೈರಸ್ ಅಂತ ಬಹುಮಟ್ಟಿಗೆ ಧೈರ್ಯವಾಗಿ ಹೇಳಬಹುದು. ದಾರದಂಥ ಎಲೆ ಒಂದನ್ನೇ ನೋಡಿ ತೀರ್ಮಾನ ಮಾಡಬೇಡಿ. ಹಳದಿ ನುಸಿ ಜಾಸ್ತಿಯಾದಾಗಲೂ ತುದಿ ಎಲೆ ಹೀಗೇ ಸಪೂರ ಆಗ್ತವೆ. ಆಗ ತೊಟ್ಟಿನ ಮೇಲೆ ಎಣ್ಣೆ ಗೀರು ಇರಲ್ಲ, ಎಲೆಯ ತಳಭಾಗ ಕಂದು ಬಣ್ಣಕ್ಕೆ ತಿರುಗಿ ಒರಟಾಗಿರತ್ತೆ. ಪಕ್ಕದ ಹೊಲದಲ್ಲಿ 2,4-ಡಿ ಕಳೆನಾಶಕ ಹೊಡೆದು ಗಾಳಿಗೆ ಹಾರಿ ಬಂದಿದ್ದರೂ ಎಲೆ ಪಟ್ಟಿ ಪಟ್ಟಿಯಾಗಿ ತಿರುಚಿಕೊಳ್ಳತ್ತೆ. ಅದು ಗಾಳಿ ಬಂದ ದಿಕ್ಕಿನ ಸಾಲುಗಳಲ್ಲಿ ಒಟ್ಟಿಗೆ ಕಾಣತ್ತೆ, ಗಿಡ ಸುಧಾರಿಸಿಕೊಂಡರೆ ಆಮೇಲೆ ಬರುವ ಎಲೆ ಸರಿಯಾಗಿರತ್ತೆ. ಬೋರಾನ್ ಕೊರತೆಯಲ್ಲಿ ಕಾಯಿ ಗಂಟು ಗಂಟಾಗಿ, ಸಿಪ್ಪೆ ಮೇಲೆ ಹಾಲು ಒಸರಿ ಗಟ್ಟಿಯಾಗಿರತ್ತೆ, ಉಂಗುರ ಇರಲ್ಲ.

ಇನ್ನೊಂದು ವಿಷಯ, ಸಾಲಿನ ನಡುವೆ ಅಂತರ ಬೆಳೆ ಏನಾದರೂ ಇದೆಯಾ?

ಹೊಸತೋಟ
ನೋಡಿಕೊಂಡು ಬಂದೆ ಸರ್. ತೊಟ್ಟಿನ ಮೇಲೆ ಗೀರು ಇದೆ, ನೀವು ಹೇಳಿದ ಹಾಗೇ ಒದ್ದೆ ಒದ್ದೆ ಕಾಣತ್ತೆ. ಕಾಯಿ ಇನ್ನೂ ಚಿಕ್ಕವು, ಆದರೂ ಒಂದರ ಮೇಲೆ ಉಂಗುರ ಸ್ಪಷ್ಟ ಇದೆ. ಅಂತರ ಬೆಳೆ ಸೌತೆ.

ಎಲೆನೋಟ
ಹಾಗಾದರೆ ಉಂಗುರ ಚುಕ್ಕೆಯೇ. ಕೇಳೋಕೆ ಬೇಜಾರಾಗತ್ತೆ, ಆದರೂ ಹೇಳಿಬಿಡ್ತೀನಿ. ವೈರಸ್ ಹೊಕ್ಕ ಗಿಡವನ್ನು ವಾಸಿ ಮಾಡುವ ಔಷಧಿ ಯಾವುದೂ ಇಲ್ಲ. ದುಬಾರಿಯದ್ದೂ ಇಲ್ಲ, ಅಗ್ಗದ್ದೂ ಇಲ್ಲ, ಸಾವಯವವೂ ಇಲ್ಲ.

ಹಾಗಿದ್ದರೆ ಅದನ್ನು ಹೊತ್ತು ತರುವ ಹೇನನ್ನಾದರೂ (ಗಿಡದ ರಸ ಹೀರೋ ಸಣ್ಣ ಸಸ್ಯಹೇನು) ಕೊಲ್ಲೋಣ ಅಂತ ಎಲ್ಲರಿಗೂ ಅನ್ನಿಸತ್ತೆ. ಈ ವೈರಸ್ ವಿಷಯದಲ್ಲಿ ಅದೂ ನಡೆಯಲ್ಲ. ಇದನ್ನು ತರೋ ಹೇನುಗಳು ಪಪ್ಪಾಯಿ ಮೇಲೆ ಸಂಸಾರ ಹೂಡೋವಲ್ಲ. ಹತ್ತಿಯ ಹೇನು, ಅಲಸಂದೆಯ ಹೇನು, ಹಸಿರು ಹೇನು ಇವೆಲ್ಲ ಹಾರಿಕೊಂಡು ಬಂದು ಎಲೆ ಮೇಲೆ ಕೂತು, ಇದು ನಮಗೆ ಆಗೋ ಗಿಡವಾ ಅಂತ ಸೊಂಡಿಲು ಚುಚ್ಚಿ ರುಚಿ ನೋಡ್ತವೆ. ಆಗಲ್ಲ ಅಂತ ಗೊತ್ತಾದ ತಕ್ಷಣ ಪಕ್ಕದ ಗಿಡಕ್ಕೆ ಹಾರ್ತವೆ. ಆ ಚುಚ್ಚೋ ಕೆಲಸ ಒಂದು ನಿಮಿಷವೂ ಹಿಡಿಯಲ್ಲ. ಅಷ್ಟರಲ್ಲಿ ವೈರಸ್ ಸೊಂಡಿಲ ತುದಿಗೆ ಅಂಟಿರತ್ತೆ, ಮುಂದಿನ ಗಿಡಕ್ಕೆ ಚುಚ್ಚಿದ ಕೂಡಲೇ ಅಲ್ಲಿಗೆ ಇಳಿದಿರತ್ತೆ. ನಿಮ್ಮ ಕೀಟನಾಶಕ ಹೇನನ್ನು ಸಾಯಿಸತ್ತೆ, ಸುಳ್ಳಲ್ಲ, ಆದರೆ ಅದು ಸಾಯೋ ಹೊತ್ತಿಗೆ ಇನ್ನೊಂದೆರಡು ಗಿಡಕ್ಕೆ ರೋಗ ಅಂಟಿಸಿ ಮುಗಿದಿರತ್ತೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಇನ್ನೂ ಕೆಟ್ಟದ್ದು ಏನಂದರೆ ಕೆಲವು ಔಷಧಿಗಳ ವಾಸನೆಗೆ, ಉರಿಗೆ ಹೇನು ಗಾಬರಿಬಿದ್ದು ಒಂದೇ ಕಡೆ ಕೂರದೆ ಇನ್ನಷ್ಟು ಗಿಡಗಳಿಗೆ ಚುಚ್ಚತ್ತೆ.

ಸೌತೆ ತೆಗೀರಿ. ಪಪ್ಪಾಯಿಗೆ ಬರುವ ಈ ತಳಿಯ ವೈರಸ್ ಕುಂಬಳ ಜಾತಿಯ ಬಳ್ಳಿಗಳಲ್ಲೂ ಬದುಕತ್ತೆ. ಜೊತೆಗೆ ಆ ಬಳ್ಳಿಗಳೇ ಹೇನಿನ ತವರು.

ಕೊಳವೆಬಾವಿ
ಎಲೆನೋಟ ಅವರೇ, ಮಾತು ಚೆನ್ನಾಗಿದೆ, ಆದರೆ ನನ್ನ ಅನುಭವ ಬೇರೆ. ನಮ್ಮ ಪಪ್ಪಾಯಿಗೆ ಹಿಂದೆ ಮುರುಟು ರೋಗ ಬಂದಾಗ ಇಮಿಡಾಕ್ಲೋಪ್ರಿಡ್ ಕೀಟನಾಶಕ ಬುಡಕ್ಕೂ ಕೊಟ್ಟು ಮೇಲೂ ಹೊಡೆದೆವು. ಹೊಸ ಗಿಡಕ್ಕೆ ಬರೋದು ಎದ್ದು ಕಾಣೋ ಹಾಗೆ ಕಮ್ಮಿ ಆಯ್ತು. ಪುಸ್ತಕ ಒಂದು ಹೇಳತ್ತೆ, ಹೊಲ ಒಂದು ಹೇಳತ್ತೆ.

ಎಲೆನೋಟ
ಅಣ್ಣಾ, ನಿಮ್ಮ ಅನುಭವ ಸುಳ್ಳು ಅಂತ ನಾನು ಹೇಳಲ್ಲ. ನಿಮಗೆ ಬಂದಿದ್ದು ಮುರುಟು ರೋಗ ಅಂತ ನೀವೇ ಬರೆದಿದ್ದೀರಿ. ಎಲೆ ಕೆಳಮುಖವಾಗಿ ಬಟ್ಟಲಿನಂತೆ ಮಡಚಿ, ನರ ದಪ್ಪಗಾಗಿ, ತೊಟ್ಟು ಸೊಟ್ಟಗಾಗಿತ್ತಲ್ಲವಾ? ಅದೇ ಬೇರೆ ವೈರಸ್. ಅದನ್ನು ತರೋದು ಬಿಳಿನೊಣ. ಬಿಳಿನೊಣಕ್ಕೆ ಅದನ್ನು ಹೀರಿಕೊಳ್ಳೋಕೆ ಸಮಯ ಬೇಕು. ಹೀರಿದ ವೈರಸ್ ಹೊಟ್ಟೆಯಿಂದ ರಕ್ತಕ್ಕೆ, ರಕ್ತದಿಂದ ಜೊಲ್ಲಿಗೆ ಬಂದು ಸೇರಬೇಕು, ಅದಕ್ಕೆ ಗಂಟೆಗಟ್ಟಲೆ ಹಿಡಿಯತ್ತೆ. ಆಮೇಲೂ ಇನ್ನೊಂದು ಗಿಡದ ಮೇಲೆ ಕೂತು ನಿಧಾನವಾಗಿ ರಸ ಹೀರಿದರೆ ಮಾತ್ರ ದಾಟತ್ತೆ. ಒಮ್ಮೆ ಹೊತ್ತ ನೊಣ ಬಹಳ ದಿನ ರೋಗ ಹಂಚ್ತಾ ಇರತ್ತೆ, ಅದು ಅದರ ಕೆಟ್ಟ ಮುಖ. ಆದರೆ ನಡುವೆ ಸಿಗೋ ಆ ಸಮಯದಲ್ಲಿ ಔಷಧಿಗೆ ಕೆಲಸ ಮಾಡೋಕೆ ಅವಕಾಶ ಇದೆ. ನಿಮಗೆ ಫಲ ಸಿಕ್ಕಿದ್ದು ಅದಕ್ಕೇ.

ಕೀಟದ ಹೆಸರು ತಿಳಿದರೆ ಸಾಲದು, ರೋಗವನ್ನು ಎತ್ತಿಕೊಳ್ಳೋಕೆ, ದಾಟಿಸೋಕೆ ಅದಕ್ಕೆ ಎಷ್ಟು ಹೊತ್ತು ಬೇಕು ಅಂತ ತಿಳೀಬೇಕು. ನಿಮಿಷದ ಲೆಕ್ಕವಾದರೆ ಸಿಂಪಡಣೆ ದಂಡ, ಕೀಟವನ್ನೇ ಹತ್ತಿರ ಬಿಡದ ದಾರಿ ಹುಡುಕಬೇಕು. ಗಂಟೆಯ ಲೆಕ್ಕವಾದರೆ ಸಿಂಪಡಣೆಗೂ ಒಂದು ಪಾತ್ರ ಇದೆ.

ಕೊಳವೆಬಾವಿ
ಇದನ್ನು ಮೊದಲೇ ಹೀಗೆ ಹೇಳಿದ್ದರೆ ನಾನು ಬಾಯಿ ಹಾಕ್ತಾನೇ ಇರಲಿಲ್ಲ 😀 ಸರಿ, ಒಪ್ಪಿದೆ. ಆದರೂ ಬಿಳಿನೊಣಕ್ಕೆ ಒಂದೇ ಔಷಧಿ ಪದೇ ಪದೇ ಹೊಡೆದರೆ ಅದಕ್ಕೆ ಒಗ್ಗಿಹೋಗತ್ತೆ, ಔಷಧಿಯ ಗುಂಪು ಬದಲಾಯಿಸ್ತಾ ಇರಬೇಕು. ಹೂವಿನ ಹೊತ್ತಲ್ಲಿ ಜೇನು ಬರ್ತಾವೆ ಅನ್ನೋದೂ ನೆನಪಿರಲಿ.

ಹೊಸತೋಟ
ಕೀಟವನ್ನು ಹತ್ತಿರ ಬಿಡದ ದಾರಿ ಅಂದ್ರಲ್ಲ, ಅದನ್ನ ಸ್ವಲ್ಪ ಬಿಡಿಸಿ ಹೇಳಿ. ಪೂರ್ತಿ ತೋಟಕ್ಕೆ ಬಲೆ ಹಾಕೋ ಶಕ್ತಿ ನನಗಿಲ್ಲ.

ನರ್ಸರಿಅಕ್ಕ
ಇದಕ್ಕೆ ನಾನು ಉತ್ತರ ಕೊಡ್ತೀನಿ.

ಪೂರ್ತಿ ತೋಟಕ್ಕೆ ಬೇಡ ತಮ್ಮಾ, ಸಸಿಗೆ ಮಾತ್ರ ತಪ್ಪದೆ ಬಲೆ ಬೇಕು. ಈ ವೈರಸ್ ಬೀಜದಿಂದ ಬರೋದನ್ನ ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ, ಸಸಿ ಹುಟ್ಟುವಾಗ ಶುದ್ಧವಾಗೇ ಹುಟ್ಟತ್ತೆ. ಬಯಲಲ್ಲಿ ಬೆಳೆಸಿದರೆ ನರ್ಸರಿಯಲ್ಲೇ ರೋಗ ಹತ್ತತ್ತೆ, ಆದರೆ ಕಾಣಿಸಿಕೊಳ್ಳೋಕೆ ಎರಡು ಮೂರು ವಾರ ಬೇಕು. ಅಷ್ಟರಲ್ಲಿ ಸಸಿ ನಿಮ್ಮ ಹೊಲ ಸೇರಿರತ್ತೆ. 40 ಮೆಶ್ (ಇಂಚಿಗೆ 40 ಕಣ್ಣು) ಬಲೆ ಹೇನಿಗೆ ಸಾಕು, ಬಿಳಿನೊಣವೂ ಬರಬಾರದು ಅಂದ್ರೆ 50 ಬೇಕು. ಬಾಗಿಲು ಎರಡಿರಲಿ. ಒಂದೇ ಬಾಗಿಲಿನ ಬಲೆಮನೆಯಲ್ಲಿ ನೀವು ಒಳಗೆ ಹೋಗೋವಾಗ ಅವೂ ಬರ್ತವೆ.

ಹೊಲದಲ್ಲಿ ನಾಟಿಗೆ ಸುಮಾರು ಒಂದು ತಿಂಗಳ ಮೊದಲೇ ಸುತ್ತ ಎರಡು ಸಾಲು ಮೆಕ್ಕೆಜೋಳ ಅಥವಾ ಜೋಳ ಒತ್ತಾಗಿ ಹಾಕಿ. ಗೋಡೆ ಥರ ತಡೆಯತ್ತೆ ಅಂತ ಜನ ತಿಳ್ಕೊಂಡಿದ್ದಾರೆ, ಅದು ಅರ್ಧ ಸತ್ಯ. ಹಾರಿ ಬಂದ ಹೇನು ಮೊದಲು ಜೋಳದ ಮೇಲೆ ಇಳಿದು ಅಲ್ಲೇ ಚುಚ್ಚತ್ತೆ, ಹಾಗೆ ಒಂದೆರಡು ಸಲ ಚುಚ್ಚಿದರೆ ಸೊಂಡಿಲಿನ ವೈರಸ್ ಒರೆಸಿ ಹೋಗತ್ತೆ. ಜೋಳಕ್ಕೆ ಆ ವೈರಸ್ ಏನೂ ಮಾಡಲ್ಲ. ಆಮೇಲೆ ಆ ಹೇನು ಪಪ್ಪಾಯಿಗೆ ಬಂದರೂ ಬರಿಗೈಲಿ ಬಂದಿರತ್ತೆ. ಅಂಚಿನ ಬೆಳೆಗೆ ಜೀವ ಬಂದಿರಬೇಕು, ಪಪ್ಪಾಯಿಗಿಂತ ಎತ್ತರ ಇರಬೇಕು, ಒಣಗಿದ ಮೇಲೆ ಮತ್ತೆ ಬಿತ್ತಬೇಕು. ಒಂದು ಸಲ ಹಾಕಿ ಮರೆತರೆ ಪ್ರಯೋಜನ ಇಲ್ಲ.

ಬೆಳ್ಳಿ ಬಣ್ಣದ ಮಲ್ಚಿಂಗ್ ಶೀಟ್ ಕೂಡ ಒಳ್ಳೇದು. ಆಕಾಶದ ಬೆಳಕು ಕೆಳಗಿಂದ ಹೊಡೆದರೆ ಹೇನಿಗೆ ಎಲ್ಲಿ ಇಳೀಬೇಕು ಅಂತ ಗೊತ್ತಾಗಲ್ಲ. ಗಿಡ ದೊಡ್ಡದಾಗಿ ನೆಲ ಮುಚ್ಚಿದ ಮೇಲೆ ಅದರ ಆಟ ಮುಗೀತು, ಆದರೆ ಮೊದಲ ತಿಂಗಳುಗಳೇ ಮುಖ್ಯ.

ಖನಿಜ ತೈಲ 1% ವಾರಕ್ಕೊಮ್ಮೆ ಎಲೆಯ ತಳಭಾಗ ಪೂರ್ತಿ ನೆನೆಯುವಂತೆ ಹೊಡೆದರೆ, ಸೊಂಡಿಲಿಗೆ ವೈರಸ್ ಅಂಟೋದು ಬಿಡೋದು ಎರಡಕ್ಕೂ ಅಡ್ಡಿ ಆಗತ್ತೆ. ಕೀಟನಾಶಕ ಮಾಡದ ಕೆಲಸ ಇದು ಒಂದಿಷ್ಟು ಮಾಡತ್ತೆ. ಉರಿಬಿಸಿಲಲ್ಲಿ ಹೊಡೀಬೇಡಿ, ಗಂಧಕ ಹೊಡೆದ ಹೊಸದರಲ್ಲಿ ಹೊಡೀಬೇಡಿ, ಎಲೆ ಸುಟ್ಟು ಹೋಗತ್ತೆ.

ಪ್ರಶ್ನಾರ್ಥಕ
ಅಕ್ಕ, ಪೂರ್ತಿ ಬಲೆಮನೆಯಲ್ಲೇ ಪಪ್ಪಾಯಿ ಬೆಳೆಯೋರೂ ಇದ್ದಾರಲ್ಲ?

ನರ್ಸರಿಅಕ್ಕ
ಇದ್ದಾರೆ. ತೈವಾನ್‌ನಲ್ಲಿ ಅದು ಮಾಮೂಲಿ ಪದ್ಧತಿಯೇ ಆಗಿಹೋಗಿದೆ, ವೈರಸ್ ಕಾಟಕ್ಕೇ ಹಾಗಾಗಿದ್ದು. ದ್ವಿಲಿಂಗಿ ಹೂವಿನ ತಳಿ ಆರಿಸಬೇಕು, ಇಲ್ಲಾಂದ್ರೆ ಒಳಗೆ ಪರಾಗಸ್ಪರ್ಶಕ್ಕೆ ಯಾರೂ ಬರಲ್ಲ. ಗಾಳಿಗೆ ಬಲೆ ಹರಿದ ದಿನವೇ ಹೊಲಿದುಬಿಡಬೇಕು. ಒಂದು ತೂತು ಸಾಕು.

ಬಾಳೆಗೊನೆ
ಚರ್ಚೆ ಪಪ್ಪಾಯಿಯದು, ಕ್ಷಮೆ ಇರಲಿ, ನನ್ನದು ಬಾಳೆ. ಕೆಲವು ಗಿಡದ ಎಲೆಗಳು ಸಣ್ಣಗಾಗಿ, ನೆಟ್ಟಗೆ ಮೇಲಕ್ಕೆ ನಿಂತು, ತುದಿಯಲ್ಲಿ ಗುಚ್ಛ ಕಟ್ಟಿದ ಹಾಗಿವೆ. ಅಂಚು ಹಳದಿ. ಇದಕ್ಕೂ ಹೇನೇ ಕಾರಣ ಅಂತಾರೆ. ಹಾಗಿದ್ದರೆ ಇಲ್ಲೂ ಸಿಂಪಡಣೆ ದಂಡವಾ?

ಎಲೆನೋಟ
ಕ್ಷಮೆ ಯಾಕೆ, ಇದೇ ಒಳ್ಳೆ ಪ್ರಶ್ನೆ. ಇದು ಗುಚ್ಛತಲೆ ರೋಗ, ಬಂಚಿ ಟಾಪ್. ಹೇನೇ ಕಾರಣ, ಆದರೆ ಲೆಕ್ಕ ಪೂರ್ತಿ ತಿರುಗುಮುರುಗು.

ಖಚಿತ ಮಾಡ್ಕೊಳ್ಳೋಕೆ ಎಲೆಯನ್ನು ಬೆಳಕಿಗೆ ಹಿಡಿದು ಕೆಳಗಿಂದ ನೋಡಿ. ನಡುನರದ ಪಕ್ಕದ ಸಣ್ಣ ನರಗಳ ಮೇಲೆ ಕಡುಹಸಿರು ಚುಕ್ಕೆ, ಗೆರೆ, ಚುಕ್ಕೆ, ಗೆರೆ ಅಂತ ಸಾಲು ಕಾಣಿಸಬೇಕು. ತೊಟ್ಟಿನ ಮೇಲೂ ಕಡುಹಸಿರು ಗೀರು ಇರತ್ತೆ. ಗುಚ್ಛ ಕಟ್ಟೋದು ಕೊನೇ ಹಂತ, ಗೆರೆ ಕಾಣೋದು ಮೊದಲ ಹಂತ. ಗುಚ್ಛ ಆಗೋತನಕ ಕಾಯುವವನ ತೋಟದಲ್ಲಿ ರೋಗ ಅಷ್ಟರಲ್ಲಿ ಸುತ್ತ ಹಬ್ಬಿರತ್ತೆ.

ಇದನ್ನು ತರೋ ಬಾಳೆಯ ಕಪ್ಪು ಹೇನು ಬಾಳೆಯಲ್ಲೇ ಸಂಸಾರ ಮಾಡತ್ತೆ. ಸುರುಳಿ ಎಲೆಯ ಬುಡದಲ್ಲಿ, ಹೊರ ಪಟ್ಟೆಗಳ ಒಳಗೆ, ಎಳೆ ಕಂದುಗಳ (ಗೆಡ್ಡೆಯಿಂದ ಏಳೋ ಮರಿಗಿಡ) ಬುಡದಲ್ಲಿ ಇರತ್ತೆ, ಇರುವೆ ಓಡಾಡೋ ಕಡೆ ಹುಡುಕಿ. ರೋಗ ಎತ್ತಿಕೊಳ್ಳೋಕೆ ಅದು ಕಮ್ಮಿ ಅಂದ್ರೂ ನಾಲ್ಕು ಗಂಟೆ ರಸ ಹೀರಬೇಕು. ಆಮೇಲೆ ಬಹಳ ದಿನ ಹೊತ್ತು ತಿರುಗತ್ತೆ. ಹೇನಿನ ಮರಿಗಳಿಗೆ ಮಾತ್ರ ಹುಟ್ಟಿನಿಂದ ಬರಲ್ಲ, ಅವೂ ರೋಗದ ಗಿಡದಿಂದ ಹೀರಿಯೇ ಪಡೀಬೇಕು. ಹಾಗಾಗಿ ಇಲ್ಲಿ ಹೇನನ್ನು ಕೊಲ್ಲೋದಕ್ಕೆ ಅರ್ಥ ಇದೆ, ರೋಗದ ಗಿಡ ತೆಗೆಯೋದಕ್ಕೆ ಇನ್ನೂ ಹೆಚ್ಚು ಅರ್ಥ ಇದೆ.

ತೆಗೆಯೋದಕ್ಕೂ ಕ್ರಮ ಇದೆ. ಕತ್ತಿ ಹಿಡಿದು ಹೋಗಿ ಕಡಿದುಹಾಕಿದರೆ ಗಿಡ ಬಾಡ್ತಿದ್ದಂತೆ ಹೇನುಗಳೆಲ್ಲ ಹೊತ್ತ ರೋಗದ ಸಮೇತ ಪಕ್ಕದ ಗಿಡಕ್ಕೆ ಹೊರಡ್ತವೆ. ಆದ್ದರಿಂದ ಮೊದಲು ಕೀಟನಾಶಕ, ಸುರುಳಿ ಒಳಗೂ, ಬುಡದ ಎಲ್ಲ ಕಂದುಗಳಿಗೂ. ಹೇನು ಸತ್ತ ಮೇಲೆ ಇಡೀ ಬುಡವನ್ನು ಗೆಡ್ಡೆ ಸಮೇತ ಅಗೆದು ಚೂರು ಮಾಡಿ, ಅಥವಾ ದಿಂಡಿಗೆ ಕಳೆನಾಶಕ ಚುಚ್ಚಿ ಕೊಲ್ಲಿ. ತಾಯಿ ಗಿಡ ತೆಗೆದು ಚೆನ್ನಾಗಿ ಕಾಣೋ ಕಂದು ಉಳಿಸಿಕೊಳ್ಳೋದು ಮಾಡಬೇಡಿ. ಒಂದೇ ಗೆಡ್ಡೆಯ ಕಂದಿಗೆಲ್ಲ ಇವತ್ತಲ್ಲ ನಾಳೆ ರೋಗ ಬಂದೇ ಬರತ್ತೆ. ಅಂದ ಹಾಗೆ ಕತ್ತಿಯಿಂದ ಈ ರೋಗ ಹರಡಲ್ಲ, ಆ ಭಯ ಬೇಡ.

ಬಾಳೆಗೊನೆ
ಗೊನೆ ಬಿಡೋ ಹಂತದ ಗಿಡ ಸರ್. ಗೊನೆ ಬಂದ ಮೇಲೆ ತೆಗೆದರೆ ಆಗಲ್ವಾ?

ಎಲೆನೋಟ
ರೋಗ ಹತ್ತಿದ ಗಿಡ ಗೊನೆ ಬಿಡೋದೇ ಅನುಮಾನ, ಬಿಟ್ಟರೂ ಸಣ್ಣದಾಗಿ ಸೊಟ್ಟಗಿರತ್ತೆ. ನೀವು ಕಾಯುವ ಒಂದೊಂದು ವಾರವೂ ಅಲ್ಲಿ ರೆಕ್ಕೆಯ ಹೇನು ಹುಟ್ಟಿ ಹಾರ್ತಾ ಇರತ್ತೆ. ಆಸ್ಟ್ರೇಲಿಯಾದಲ್ಲಿ ಈ ರೋಗ ಹರಡೋ ದೂರ ಅಳೆದಿದ್ದಾರೆ. ಹೊಸದಾಗಿ ರೋಗ ಬಂದ ಗಿಡಗಳಲ್ಲಿ ಮೂರನೇ ಎರಡರಷ್ಟು ಹತ್ತಿರದ ರೋಗಿ ಗಿಡದಿಂದ 20 ಮೀಟರ್ ಒಳಗೇ ಇದ್ದವು. ಹೆಚ್ಚುಕಮ್ಮಿ ಎಲ್ಲವೂ 86 ಮೀಟರ್ ಒಳಗೆ. ಅಂದ್ರೆ ನಿಮ್ಮ ಮುಂದಿನ ರೋಗಿ ಗಿಡ ಎಲ್ಲಿ ಹುಟ್ಟತ್ತೆ ಅಂತ ಈಗಲೇ ಗೊತ್ತಿದೆ. ಕಿತ್ತ ಜಾಗದ ಸುತ್ತ ಆ ವೃತ್ತದಲ್ಲಿ ವಾರ ವಾರ ಪ್ರತಿ ಗಿಡದ ಎಳೆ ಎಲೆ ನೋಡ್ತಾ ಹೋಗಿ.

ಆಸ್ಟ್ರೇಲಿಯಾದ ಕಥೆ ಓದಬೇಕಾದ್ದು. 1913ರಲ್ಲಿ ಫಿಜಿಯಿಂದ ಕಂದುಗಳ ಜೊತೆ ರೋಗ ಹೋಯ್ತು. 1920ರ ದಶಕದ ಮಧ್ಯಕ್ಕೆ ಬಾಳೆ ಪ್ರದೇಶಗಳೇ ನೆಲಕಚ್ಚಿದವು. ಮಗೀ ಅನ್ನೋ ವಿಜ್ಞಾನಿ ಹೇನು ಮತ್ತು ಕಂದು ಎರಡೇ ದಾರಿಯಿಂದ ಇದು ಹರಡತ್ತೆ ಅಂತ ತೋರಿಸಿದ. ವೈರಸ್ಸನ್ನು ಯಾರೂ ಕಣ್ಣಲ್ಲಿ ಕಂಡಿರದ ಕಾಲ ಅದು. ಅಷ್ಟರ ಮೇಲೆ ಕಾನೂನು ಬಂತು, ಶುದ್ಧ ಕಂದು ಬಿಟ್ಟು ಬೇರೆ ನಾಟಿ ಇಲ್ಲ, ರೋಗದ ಗಿಡ ಕಂಡರೆ ಮುಲಾಜಿಲ್ಲದೆ ನಾಶ, ತೋಟಗಳ ನಿಯಮಿತ ತಪಾಸಣೆ. ಹೊಸ ತಳಿ ಇಲ್ಲ, ಹೊಸ ಔಷಧಿ ಇಲ್ಲ. ಆ ಉದ್ಯಮ ಎದ್ದು ನಿಂತಿದ್ದು ಅದರಿಂದಲೇ.

ಕೊಳವೆಬಾವಿ
ಟಿಶ್ಯೂ ಕಲ್ಚರ್ ಸಸಿ ಹಾಕಿದರೆ ಇದೆಲ್ಲ ತಲೆನೋವೇ ಇಲ್ಲವಲ್ಲ?

ನರ್ಸರಿಅಕ್ಕ
ಈ ನಂಬಿಕೆ ಬಹಳ ಜನಕ್ಕೆ ದುಬಾರಿಯಾಗಿದೆ. ಟಿಶ್ಯೂ ಕಲ್ಚರ್ ಅಂದ್ರೆ ಗಿಡದ ಚೂರಿನಿಂದ ಲ್ಯಾಬಿನಲ್ಲಿ ನಕಲು ಮಾಡೋದು. ತಾಯಿ ಗೆಡ್ಡೆಯಲ್ಲಿ ವೈರಸ್ ಇದ್ದರೆ ಸಾವಿರ ಸಸಿಯಲ್ಲೂ ಅದೇ ನಕಲಾಗಿ ಬರತ್ತೆ. ದುಂಡಾಣು, ಜಂತುಹುಳು, ಕಾಂಡಕೊರಕ ಇವು ಬರಲ್ಲ, ಅದು ನಿಜ. ವೈರಸ್ ಬರಲ್ಲ ಅನ್ನೋದಕ್ಕೆ ಪರೀಕ್ಷೆ ಬೇಕು. ಸಸಿ ಕೊಳ್ಳುವಾಗ ತಾಯಿ ಗಿಡವನ್ನು ಯಾವ ಯಾವ ವೈರಸ್‌ಗೆ ಪರೀಕ್ಷೆ ಮಾಡಿದ್ದೀರಿ, ಲ್ಯಾಬಿನ ಎಲೈಸಾ ಪರೀಕ್ಷೆಯಾ ಪಿಸಿಆರಾ, ವರದಿ ಎಲ್ಲಿ ಅಂತ ಕೇಳಿ. ಮುಖ ಗಂಟಿಕ್ಕಿದರೆ ಬೇರೆ ಕಡೆ ಹೋಗಿ.

ಇನ್ನೊಂದು ಸೂಕ್ಷ್ಮ ಇದೆ. ಬಾಳೆಯ ಗೀರು ವೈರಸ್ ಅಂತ ಒಂದಿದೆ, ಹಿಟ್ಟು ತಿಗಣೆಯಿಂದ ಹರಡತ್ತೆ. ಅದರ ತುಣುಕುಗಳು ಕಾಡುಬಾಳೆಯಿಂದ ಬಂದ ಬಿ ಜೀನೋಮ್ ಒಳಗೇ ಸೇರಿಕೊಂಡು ಕೂತಿವೆ. ಕೆಲವು ಸಂಕರ ತಳಿಗಳಲ್ಲಿ ಟಿಶ್ಯೂ ಕಲ್ಚರಿನ ಒತ್ತಡಕ್ಕೇ ಅದು ಎದ್ದುಬಿಡತ್ತೆ. ಹೊರಗಿಂದ ಕೀಟ ಬಂದೇ ಇಲ್ಲ, ಆದರೂ ರೋಗ!

ಟಿಶ್ಯೂ ಕಲ್ಚರ್ ಸಸಿ ಎಳೆಯದಿರುವಾಗ ಸೌತೆ ಮೊಸಾಯಿಕ್ ವೈರಸ್‌ಗೂ ಬೇಗ ತುತ್ತಾಗತ್ತೆ. ಅದಕ್ಕೆ ಎಳೆ ಬಾಳೆ ಸಾಲಲ್ಲಿ ಸೌತೆ, ಕುಂಬಳ, ಟೊಮೇಟೊ, ಮೆಣಸಿನಕಾಯಿ ಅಂತರ ಬೆಳೆ ಬೇಡ.

ಹುಳಿಮರ
ನಿಂಬೆ, ಕಿತ್ತಳೆ ಬೆಳೆಯೋರು ಯಾರೂ ಇಲ್ವಾ ಇಲ್ಲಿ? ನಮ್ಮ ಗೋಳು ಕೇಳಿ. ಎಲೆ ಹಳದಿ ಆಯ್ತು, ಸತು ಕೊರತೆ ಅಂತ ಸತುವಿನ ಸಲ್ಫೇಟ್ ಹೊಡೆದದ್ದೇ ಹೊಡೆದದ್ದು. ಹಸಿರಾಗ್ಲಿಲ್ಲ. ಈಗ ಗ್ರೀನಿಂಗ್ ರೋಗ ಅಂತಿದ್ದಾರೆ.

ಎಲೆನೋಟ
ಎಲೆ ಮಧ್ಯಕ್ಕೆ ಮಡಚಿ ಎರಡೂ ಪಾಲು ಒಂದರ ಮೇಲೊಂದು ಇಟ್ಟು ನೋಡಿ. ಸತು ಕೊರತೆಯಾದರೆ ನಡುನರದ ಎಡಬಲ ಹಳದಿ ಒಂದೇ ರೀತಿ ಇರತ್ತೆ. ಗ್ರೀನಿಂಗ್ ಆದರೆ ಹಳದಿ ಮಚ್ಚೆಗಳು ಅಡ್ಡಾದಿಡ್ಡಿ, ಒಂದು ಪಾಲಲ್ಲಿ ಇದ್ದದ್ದು ಇನ್ನೊಂದರಲ್ಲಿ ಇರಲ್ಲ. ಪೆನ್ನಲ್ಲಿ ಎರಡೂ ಕಡೆ ಒಂದೇ ಜಾಗಕ್ಕೆ ಸುತ್ತು ಹಾಕಿ ಹೋಲಿಸಿದರೆ ಸುಲಭ. ಹಣ್ಣು ಸೊಟ್ಟಗಿದ್ದು, ಕೊಯ್ದರೆ ಒಳಗೆ ಬೀಜ ಕಪ್ಪಾಗಿ ಸತ್ತಿದ್ದರೆ ಅನುಮಾನ ಗಟ್ಟಿ. ಕೊನೇ ಮಾತು ಪಿಸಿಆರ್ ಪರೀಕ್ಷೆಯದು, ಎಲೆಯ ತೊಟ್ಟು ಮತ್ತು ನಡುನರ ಕಳಿಸಬೇಕು.

ಇದು ವೈರಸ್ ಅಲ್ಲ, ಆಹಾರ ಸಾಗಿಸೋ ನಾಳದೊಳಗೆ ಬದುಕೋ ಬ್ಯಾಕ್ಟೀರಿಯಾ. ತರೋದು ಸಿಲ್ಲಾ ಕೀಟ, ತಲೆ ತಗ್ಗಿಸಿ ಹಿಂಭಾಗ ಮೇಲೆತ್ತಿ ಕೂರೋ ಸಣ್ಣ ಕಂದು ಹುಳು. ಅದು ಮೊಟ್ಟೆ ಇಡೋದು ಎಳೆ ಚಿಗುರಿನಲ್ಲಿ ಮಾತ್ರ. ಆದ್ದರಿಂದ ಕ್ಯಾಲೆಂಡರ್ ನೋಡಿ ಸಿಂಪಡಿಸೋದು ವ್ಯರ್ಥ, ಚಿಗುರು ಒಡೆಯೋದನ್ನ ನೋಡಿ ಸಿಂಪಡಿಸಬೇಕು. ನೀರು, ಗೊಬ್ಬರ, ಕೊಂಬೆ ಸವರೋದು ಎಲ್ಲವನ್ನೂ ಇಡೀ ತೋಟ ಒಟ್ಟಿಗೇ ಚಿಗುರುವಂತೆ ಹೊಂದಿಸಿಕೊಂಡರೆ ಸಿಂಪಡಣೆ ಸಂಖ್ಯೆಯೂ ಇಳಿಯತ್ತೆ. ಬೇಲಿಯಲ್ಲಿ ಕಾಮಿನಿ ಗಿಡ ಇದ್ದರೆ, ಹತ್ತಿರ ಕರಿಬೇವು ಇದ್ದರೆ, ಅಲ್ಲೂ ಈ ಕೀಟ ಬೆಳೆಯತ್ತೆ, ನೋಡ್ಕೊಳ್ಳಿ.

ಹುಳಿಮರ
ಮರ ಕೀಳಲೇಬೇಕಾ?

ಎಲೆನೋಟ
ರೋಗ ಬೆರಳೆಣಿಕೆ ಮರಕ್ಕಿದ್ದರೆ ನಾನು ಕೀಳಿ ಅಂತೀನಿ. ಸೋಂಕಾದ ಮರ ಲಕ್ಷಣ ತೋರಿಸೋಕೆ ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಬೇಕು, ಕಣ್ಣಿಗೆ ಕಾಣೋದು ಯಾವತ್ತೂ ಇರೋದಕ್ಕಿಂತ ಕಮ್ಮಿ. ಫ್ಲೋರಿಡಾದಲ್ಲಿ ಸಿಲ್ಲಾ 1998ರಲ್ಲಿ ಸಿಕ್ಕಿತು, ರೋಗ 2005ರಲ್ಲಿ. ಕೀಟ ಸಿಕ್ಕಿದಾಗಲೇ ಎಚ್ಚರ ಆಗಬೇಕಿತ್ತು ಅಂತ ಈಗ ಎಲ್ಲರೂ ಹೇಳ್ತಾರೆ. 2003-04ರಲ್ಲಿ ಬಂದಿದ್ದ ಕಿತ್ತಳೆ ಬೆಳೆಯ ಹತ್ತನೇ ಒಂದು ಪಾಲೂ ಇಪ್ಪತ್ತು ವರ್ಷದ ನಂತರ ಅಲ್ಲಿ ಬರಲಿಲ್ಲ. ಚಂಡಮಾರುತಗಳ ಪಾಲೂ ಅದರಲ್ಲಿದೆ, ಆದರೆ ದೊಡ್ಡ ಪಾಲು ಇದೇ ರೋಗದ್ದು. ಕಾಂಡಕ್ಕೆ ಆಂಟಿಬಯಾಟಿಕ್ ಚುಚ್ಚೋದನ್ನು ಅಲ್ಲಿ ಈಗ ಮಾಡ್ತಿದ್ದಾರೆ. ಮರ ಸ್ವಲ್ಪ ಚೇತರಿಸಿಕೊಳ್ಳತ್ತೆ, ರೋಗ ಹೋಗಲ್ಲ.

ವಿಯೆಟ್ನಾಮಿನಲ್ಲಿ ಕಿತ್ತಳೆ ಜೊತೆ ಸೀಬೆ ಹಾಕಿದ ಕಡೆ ಸಿಲ್ಲಾ ಕಮ್ಮಿ ಅಂತ ಕಂಡುಕೊಂಡರು. ಬೇರೆ ಕಡೆ ಅಷ್ಟು ಚೆನ್ನಾಗಿ ಫಲ ಕೊಟ್ಟಿಲ್ಲ. ಅದನ್ನೇ ನಂಬಿ ಕೂರಬೇಡಿ.

ನರ್ಸರಿಅಕ್ಕ
ಹುಳಿಮರ ಅವರೇ, ಹೊಸ ಸಸಿ ತರೋವಾಗ ಕಸಿಕಡ್ಡಿ ಎಲ್ಲಿಂದ ತಂದಿದ್ದು ಅಂತ ವಿಚಾರಿಸಿ. ಗ್ರೀನಿಂಗ್, ಟ್ರಿಸ್ಟೆಜಾ (ಕಿತ್ತಳೆ ಜಾತಿಯ ವೈರಸ್ ರೋಗ) ಎರಡೂ ಕಸಿಯಲ್ಲಿ ದಾಟ್ತವೆ. 1930-40ರ ದಶಕಗಳಲ್ಲಿ ದಕ್ಷಿಣ ಅಮೆರಿಕದಲ್ಲಿ ಹುಳಿ ಕಿತ್ತಳೆ ಬೇರುಸಸಿ (ಕಸಿಗೆ ಬೇರು ಕೊಡೋ ಗಿಡ) ಮೇಲೆ ಕಟ್ಟಿದ ಕಿತ್ತಳೆ ತೋಟಗಳೆಲ್ಲ ಟ್ರಿಸ್ಟೆಜಾಕ್ಕೆ ಹೋದವು. ಬೇರುಸಸಿ ಬದಲಾಯಿಸಿದ ಮೇಲೇ ಉಸಿರಾಡಿದ್ದು. ಬ್ರೆಜಿಲ್‌ನಲ್ಲಿ ಸೌಮ್ಯ ತಳಿಯ ವೈರಸ್ಸನ್ನು ಮೊದಲೇ ಸಸಿಗೆ ಸೇರಿಸಿ ಉಗ್ರ ತಳಿ ಒಳಗೆ ಬಾರದಂತೆ ಮಾಡಿದರು, ಅದು ದಶಕಗಟ್ಟಲೆ ನಡೀತು.

ಪ್ರಶ್ನಾರ್ಥಕ
ಆ ಸೌಮ್ಯ ತಳಿ ಉಪಾಯ ಪಪ್ಪಾಯಿಗೆ ಮಾಡಬಹುದಲ್ಲ? ಇನ್ನೊಂದು, ಹವಾಯಿಯಲ್ಲಿ ಕುಲಾಂತರಿ ಪಪ್ಪಾಯಿ ಮಾಡಿ ಸಮಸ್ಯೆಯೇ ಮುಗಿಸಿದ್ದಾರೆ ಅಂತ ಓದಿದೆ. ನಾವು ಯಾಕೆ ಜೋಳ ಬಿತ್ತುತ್ತಾ ಕೂತಿದ್ದೀವಿ?

ಎಲೆನೋಟ
ಸೌಮ್ಯ ತಳಿಯನ್ನು ಪಪ್ಪಾಯಿಗೂ ಮಾಡಿ ನೋಡಿದರು, ತೈವಾನ್‌ನಲ್ಲಿ 1980ರ ದಶಕದಲ್ಲಿ ದೊಡ್ಡದಾಗೇ. ರೋಗದ ಒತ್ತಡ ಜಾಸ್ತಿ ಇದ್ದ ಕಡೆ ನಿಲ್ಲಲಿಲ್ಲ.

ಹವಾಯಿಯದು ನಿಜ. ಓವಾಹು ದ್ವೀಪದಲ್ಲಿ ವೈರಸ್ ಬಂದು ಬೆಳೆ ಇನ್ನೊಂದು ದ್ವೀಪದ ಪುನಾ ಪ್ರದೇಶಕ್ಕೆ ಸ್ಥಳಾಂತರವಾಗಿತ್ತು. 1992ರಲ್ಲಿ ವೈರಸ್ ಪುನಾಕ್ಕೂ ಬಂತು, ಕೆಲವೇ ವರ್ಷದಲ್ಲಿ ಅಲ್ಲಿನ ಇಳುವರಿ ಅರ್ಧಕ್ಕೆ ಇಳೀತು. ಸಸ್ಯರೋಗ ವಿಜ್ಞಾನಿ ಡೆನಿಸ್ ಗೊನ್ಸಾಲ್ವೆಸ್ ಮತ್ತು ಸಂಗಡಿಗರು ವೈರಸ್ಸಿನ ಹೊರಕವಚದ ಜೀನನ್ನೇ ಗಿಡಕ್ಕೆ ಸೇರಿಸಿ ಸನ್‌ಅಪ್, ರೈನ್‌ಬೋ ತಳಿ ಮಾಡಿದರು, 1998ರಲ್ಲಿ ಬೀಜ ರೈತರ ಕೈಗೆ ಹೋಯ್ತು. ಉದ್ಯಮ ಉಳೀತು.

ಜನ ಮರೆಯೋದು ಇದನ್ನ: ಆ ರಕ್ಷಣೆ ನಿಲ್ಲೋದು ಹೊರಗಿನ ವೈರಸ್ ಮತ್ತು ಗಿಡಕ್ಕೆ ಸೇರಿಸಿದ ಜೀನು ಎಷ್ಟು ಹತ್ತಿರ ಹೋಲುತ್ತವೆ ಅನ್ನೋದರ ಮೇಲೆ. ಹವಾಯಿಯ ವೈರಸ್ ತಳಿಗೆ ರೈನ್‌ಬೋ ಜಗ್ಗಲ್ಲ, ಬೇರೆ ದೇಶದ ತಳಿಗಳಿಗೆ ಸೋಲತ್ತೆ. ಅಂದ್ರೆ ಒಂದು ಕಡೆಯ ಬೀಜ ತಂದು ಇನ್ನೊಂದು ಕಡೆ ಬಿತ್ತಿದರೆ ಆಗಲ್ಲ, ಅಲ್ಲಲ್ಲಿನ ವೈರಸ್ ನೋಡಿ ಅಲ್ಲಲ್ಲೇ ಮಾಡಬೇಕು. ಚೀನಾದವರು ತಮ್ಮದೇ ತಳಿ ಮಾಡಿಕೊಂಡಿದ್ದಾರೆ. ಮಿಕ್ಕಂತೆ ಎಲ್ಲಿ ಅನುಮತಿ ಇದೆ, ಗಿರಾಕಿ ಒಪ್ಪುತ್ತಾನಾ ಅನ್ನೋದು ಬೇರೆ ಜಗಳ. ನನಗೆ ವೈಯಕ್ತಿಕವಾಗಿ ವಿರೋಧ ಇಲ್ಲ. ಆದರೆ ಅದು ಬರತ್ತೆ ಅಂತ ಕಾಯ್ತಾ ರೋಗದ ಗಿಡ ಬಿಟ್ಟುಕೊಂಡು ಕೂರೋದಕ್ಕೆ ವಿರೋಧ ಇದೆ.

ಕೊಳವೆಬಾವಿ
ಅನಾನಸ್‌ಗೂ ಹೀಗೇ ಏನೋ ಇದೆಯಲ್ಲ, ಎಲೆ ಕೆಂಪಗಾಗಿ ತುದಿಯಿಂದ ಒಣಗೋದು?

ನರ್ಸರಿಅಕ್ಕ
ಇದೆ, ಹಿಟ್ಟು ತಿಗಣೆ ಬಾಡು ರೋಗ. ಅದರಲ್ಲಿ ವಿಚಿತ್ರ ಏನು ಅಂದ್ರೆ ವೈರಸ್ ಒಂದೇ ಇದ್ದರೆ ಗಿಡ ಬಾಡಲ್ಲ, ತಿಗಣೆ ಒಂದೇ ಇದ್ದರೂ ಬಾಡಲ್ಲ, ಎರಡೂ ಸೇರಬೇಕು ಅಂತ ಹವಾಯಿಯಲ್ಲಿ ತೋರಿಸಿದ್ದಾರೆ. ತಿಗಣೆಯನ್ನು ಕಾಯೋದು ಇರುವೆ. ಇರುವೆಗೆ ವಿಷದ ಆಮಿಷ ಇಟ್ಟರೆ ತಿಗಣೆಯನ್ನ ಅದರ ಶತ್ರುಹುಳುಗಳೇ ಮುಗಿಸ್ತವೆ.

ಜಮೀನ್ದಾರ
ಇಷ್ಟುದ್ದ ಯಾಕೆ ಸ್ವಾಮಿ. ವೈರಸ್‌ಗೆ ಅಂತಲೇ ಈಗ ಬಾಟಲಿ ಬಂದಿದೆ, ಒಂದೇ ಸಲ ಹೊಡೆದರೆ ವಾರದಲ್ಲಿ ಎಲೆ ಹಸಿರು. ಬೇಕಾದವರು ಖಾಸಗಿ ಸಂದೇಶ ಕಳಿಸಿ.

ನಿರ್ವಾಹಕಿ
ಇಲ್ಲಿ ಮಾರಾಟ ಇಲ್ಲ, ನಿಯಮ ಓದಿ. ಈ ಖಾತೆಗೆ ಎಚ್ಚರಿಕೆ ಕೊಟ್ಟಿದ್ದೇವೆ. ಪೋಸ್ಟ್ ಅಳಿಸದೆ ಬಿಟ್ಟಿರೋದು ಮುಂದಿನವರು ಓದಿ ತಿಳೀಲಿ ಅಂತ.

ಎಲೆನೋಟ
ಒಂದು ಮಾತು ಸೇರಿಸ್ತೀನಿ. ಇಂಥ ಬಾಟಲಿಗಳಲ್ಲಿ ಸಾಮಾನ್ಯವಾಗಿ ಇರೋದು ಸೂಕ್ಷ್ಮ ಪೋಷಕಾಂಶ, ಸಮುದ್ರಕಳೆ ಸಾರ, ಒಂದಿಷ್ಟು ಯೂರಿಯಾ. ಪೋಷಕಾಂಶ ಬಿದ್ದರೆ ಯಾವ ಗಿಡವಾದರೂ ಹಸಿರಾಗತ್ತೆ. ಬಿಸಿಲು ಏರಿದಾಗ ಹಳದಿ, ಹಸಿರು ಬೆರೆತ ಮೊಸಾಯಿಕ್ ಲಕ್ಷಣ ತಾನೇ ಮಸುಕಾಗೋದೂ ಉಂಟು, ಅದರ ಕೀರ್ತಿ ಬಾಟಲಿಗೆ ಹೋಗತ್ತೆ. ಹಸಿರಾಗಿ ಕಂಡ ರೋಗಿ ಗಿಡ ತೋಟಕ್ಕೆ ಹೆಚ್ಚು ಅಪಾಯ, ಯಾಕಂದ್ರೆ ಅದನ್ನ ಯಾರೂ ಕೀಳಲ್ಲ.

ಹೊಸತೋಟ
ಸೌತೆ ಪೂರ್ತಿ ತೆಗೆಸಿದೆ. ಗುರುತು ಇರೋ ಗಿಡ ಎಣಿಸಿದೆ, ಎಲ್ಲಾ ಬದುವಿನ ಕಡೆಯ ಎರಡು ಸಾಲಲ್ಲೇ ಇವೆ. ಕಾಯಿ ಕಚ್ಚಿರೋ ಗಿಡ ಕೀಳೋಕೆ ಮನಸ್ಸು ಬರ್ತಿಲ್ಲ, ಆದರೂ ಕೇಳ್ತೀನಿ, ಎಲ್ಲಾ ಕೀಳಬೇಕಾ? ಬದುವಿನ ಆಚೆ ಪಕ್ಕದವರದ್ದು ಹಳೇ ಪಪ್ಪಾಯಿ, ಕೊಯ್ಲು ಮುಗಿದು ಹಾಗೇ ಬಿಟ್ಟಿದ್ದಾರೆ.

ಎಲೆನೋಟ
ಅಲ್ಲಿದೆ ನೋಡಿ ನಿಮ್ಮ ಮೂಲ. ಪಕ್ಕದ ಹಳೇ ತೋಟ ನಿಂತಿರೋವರೆಗೆ ನೀವು ಎಷ್ಟು ಕಿತ್ತರೂ ಹೊಸದು ಬರ್ತಾನೇ ಇರತ್ತೆ. ಈಗ ರೋಗ ಎರಡೇ ಸಾಲಲ್ಲಿ ಇರೋ ಹೊತ್ತಲ್ಲಿ ಕೀಳೋದಕ್ಕೆ ಬೆಲೆ ಇದೆ. ಅರ್ಧ ತೋಟಕ್ಕೆ ಬಂದಿದ್ದರೆ ಕೀಳಬೇಡಿ, ಗೊಬ್ಬರ ನೀರು ಕೊಟ್ಟು ಸಿಕ್ಕಷ್ಟು ಕೊಯ್ದು ಮುಗಿಸಿ ಅಂತಿದ್ದೆ. ಹೂವಿಗೆ ಮೊದಲೇ ರೋಗ ಬಂದ ಗಿಡ ಏನೂ ಕೊಡಲ್ಲ, ಅದನ್ನ ಇವತ್ತೇ ಕೀಳಿ. ಕಾಯಿ ಕಚ್ಚಿದ ಮೇಲೆ ಬಂದದ್ದು ಒಂದಿಷ್ಟು ಹಣ್ಣು ಕೊಡತ್ತೆ, ಸಿಹಿ ಕಮ್ಮಿ. ಆದರೂ ಆರೋಗ್ಯವಾದ ಸಾಲುಗಳ ಪಕ್ಕ ಅದನ್ನ ಇಟ್ಟುಕೊಳ್ಳಬೇಡಿ.

ಕೊಳವೆಬಾವಿ
ಪಕ್ಕದವರ ಹತ್ತಿರ ಜಗಳಕ್ಕೆ ಹೋಗಬೇಡ ತಮ್ಮ. ನಿನ್ನ ಗಿಡದಿಂದ ನನಗೆ ರೋಗ ಬಂತು ಅಂದ್ರೆ ಯಾರೂ ಒಪ್ಪಲ್ಲ. ಮುಂದಿನ ನಾಟಿ ಯಾವಾಗ, ಇಬ್ಬರೂ ಒಟ್ಟಿಗೆ ಹಾಕೋಣ್ವಾ ಅಂತ ಕೇಳು. ಅವರಿಗೂ ಹೊಸ ಗಿಡ ಹಾಕೋದಿದ್ದರೆ ಹಳೇದು ಕೀಳಲೇಬೇಕು. ಹಳೇ ಗಿಡ ಕಡಿಯೋಕೆ ನಿನ್ನ ಆಳುಗಳನ್ನೇ ಕಳಿಸು, ನಿನ್ನ ತೋಟಕ್ಕೆ ಮಾಡೋ ಖರ್ಚಲ್ಲೇ ಅದೂ ಒಂದು.

ನರ್ಸರಿಅಕ್ಕ
ಸರಿಯಾದ ಮಾತು. ಆಗೋದಾದರೆ ಇಬ್ಬರೂ ಕೂಡಿ ಸ್ವಲ್ಪ ಕಾಲ ಪಪ್ಪಾಯಿಯೇ ಇಲ್ಲದ ಹಾಗೆ ಬಿಟ್ಟು, ಆಮೇಲೆ ಒಂದೇ ಸಲಕ್ಕೆ ನಾಟಿ ಮಾಡಿ. ಹೇನು ಹಾರಾಟ ಕಮ್ಮಿ ಇರೋ ಕಾಲ ನೋಡಿಕೊಳ್ಳಿ. ಹಳದಿ ಅಂಟುಪಟ್ಟಿ ಕಟ್ಟಿದರೆ ಅದು ಯಾವಾಗ ಅಂತ ನಿಮಗೇ ತಿಳಿಯತ್ತೆ. ಪಟ್ಟಿ ರೋಗ ತಡೆಯಲ್ಲ, ಲೆಕ್ಕ ಹೇಳತ್ತೆ ಅಷ್ಟೇ.

ಹೊಸತೋಟ
ಮಾತಾಡಿ ನೋಡ್ತೀನಿ ಅಣ್ಣ. ಕಿತ್ತ ಗಿಡ ಏನು ಮಾಡ್ಲಿ, ಸುಡಬೇಕಾ? ಅದೇ ಗುಂಡಿಯಲ್ಲಿ ಮತ್ತೆ ಪಪ್ಪಾಯಿ ಹಾಕಿದರೆ ಮಣ್ಣಿಂದ ಬರತ್ತಾ?

ಎಲೆನೋಟ
ಸುಡೋದು ಬೇಡ, ತೋಟದ ಹೊರಗೆ ರಾಶಿ ಹಾಕಿ ಒಣಗೋಕೆ ಬಿಡಿ. ಬುಡ ಮತ್ತೆ ಚಿಗುರದಂತೆ ಬೇರು ಸಮೇತ ಬಂದಿರಬೇಕು. ಚಿಗುರಿದರೆ ಅಲ್ಲೇ ವೈರಸ್ ಇರತ್ತೆ. ಸತ್ತ ಗಿಡದಲ್ಲಿ ವೈರಸ್ ಉಳಿಯಲ್ಲ, ಮಣ್ಣಿಂದಲೂ ಬರಲ್ಲ, ಅದೇ ಗುಂಡಿ ಬಳಸಬಹುದು. ಮಣ್ಣಿಂದ ಬರೋದು ಬುಡ ಕೊಳೆ ರೋಗ, ಅದಕ್ಕೆ ನೀರು ಬಸಿಯೋ ಹಾಗೆ ಏರುಮಡಿ ಮಾಡ್ಕೊಳ್ಳಿ. ಸೌತೆ ತೆಗೆಸಿದಿರಲ್ಲ, ಬಿದ್ದ ಬೀಜದಿಂದ ಬಳ್ಳಿ ತಾನಾಗಿ ಏಳತ್ತೆ. ಹೊಸ ಸಸಿ ಇಡೋ ಮೊದಲು ಅವನ್ನೂ, ಬೇಲಿ ಮೇಲೆ ಹಬ್ಬಿರೋ ಕುಂಬಳ ಜಾತಿಯ ಬಳ್ಳಿಗಳನ್ನೂ ಕಿತ್ತುಹಾಕಿ.